ಹಿಂದಿನ ಸೀಟಿನವರ ಮಾತು

ಜೀಪಿನ ಹಿಂಭಾಗವನ್ನು ಎತ್ತರಿಸಿಕೊಂಡು ಬೀಗುವ ಗಂಡಸರಲ್ಲಿ ಒಬ್ಬರೂ ಆ ಹಿಂಭಾಗದಲ್ಲಿ ಕೂತು ಘಟ್ಟ ಹತ್ತಿದ್ದನ್ನು ನಾನು ಕಂಡಿಲ್ಲ. ಅವರ ಜಾಗ ಯಾವಾಗಲೂ ಸ್ಟಿಯರಿಂಗಿನ ಹಿಂದೆ, ತಪ್ಪಿದರೆ ಅದರ ಪಕ್ಕ. ಹಿಂದಿನ ಎದುರುಬದುರು ಬೆಂಚುಗಳ ಮೇಲೆ ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು, ಒಂದು ಕೈಯಲ್ಲಿ ಮಗು, ಇನ್ನೊಂದು ಕೈಯಲ್ಲಿ ಮೇಲಿನ ಕಂಬಿ ಹಿಡಿದು ಕೂರುವವರು ನಾವು. ಆದ್ದರಿಂದ ಈ ವಿಷಯದಲ್ಲಿ ನಾವು ಬಾಯಿ ಹಾಕಬಾರದೆಂಬ ಮಾತನ್ನು ನಾನು ಒಪ್ಪುವುದಿಲ್ಲ.

ನಾನಿರುವುದು ಚಿಕ್ಕಮಗಳೂರಿನಲ್ಲಿ. ಮುಳ್ಳಯ್ಯನಗಿರಿಯ ತಿರುವುಗಳಿರಲಿ, ಮಡಿಕೇರಿಯ ಮಾಂದಲಪಟ್ಟಿ ಇರಲಿ, ಕೊಡಚಾದ್ರಿಯ ಕಲ್ಲುಹಾದಿ ಇರಲಿ, ಜೀಪಿಲ್ಲದೆ ನಮ್ಮ ಮಲೆಸೀಮೆಯ ಬದುಕು ನಡೆಯುವುದಿಲ್ಲ. ಕಾಫಿ ಕೊಯ್ಲಿನ ಕಾಲದಲ್ಲಿ ಬೆಳಗಾಗುವ ಹೊತ್ತಿಗೆ ತೋಟದ ಕೆಲಸದ ಹೆಂಗಸರನ್ನು ತುಂಬಿಕೊಂಡು ಹೋಗುವುದೂ ಇದೇ ಜೀಪು, ಪಿಕಪ್ಪುಗಳೇ. ನನ್ನ ತಕರಾರು ಜೀಪಿನ ಮೇಲಲ್ಲ, ಅದಕ್ಕೆ ಗ್ಯಾರೇಜಿನಲ್ಲಿ ಹಾಕಿಸುವ ಕೃತಕ ಎತ್ತರದ ಮೇಲೆ.

ಮೊದಲು ಆ ಗಾಡಿಯ ಕೆಳಗೆ ಏನಿದೆ ನೋಡೋಣ. 1941ರ ಯುದ್ಧಕಾಲದ ವಿಲ್ಲೀಸ್ ಜೀಪಿನಿಂದ ಹಿಡಿದು ಇಂದಿನ ಬೊಲೆರೊದ ಹಿಂಗಾಲಿನವರೆಗೆ ಇರುವುದು ಒಂದೇ ಉಪಾಯ. ಬಾಗಿದ ಉಕ್ಕಿನ ಪಟ್ಟಿಗಳನ್ನು, ಗ್ಯಾರೇಜಿನವರ ಮಾತಿನಲ್ಲಿ ಪ್ಲೇಟುಗಳನ್ನು, ಉದ್ದದ್ದರ ಜೊತೆ ಗಿಡ್ಡನೆಯವನ್ನು ಸಾಲಾಗಿ ಸೇರಿಸಿ ಕಟ್ಟಿರುತ್ತಾರೆ. ಹಳೆಯ ಜಟಕಾ ಗಾಡಿಯ ಕೆಳಗಿದ್ದದ್ದೂ ಇದರ ಅಕ್ಕತಂಗಿಯೇ. ಹೊಂಡ ಬಂದಾಗ ಕಮಾನು ಚಪ್ಪಟೆಯಾಗುತ್ತದೆ, ಪ್ಲೇಟುಗಳು ಒಂದನ್ನೊಂದು ಉಜ್ಜಿಕೊಂಡು ಕುಲುಕಾಟವನ್ನು ನುಂಗಿಕೊಳ್ಳುತ್ತವೆ. ಚಪ್ಪಟೆಯಾದಾಗ ಉದ್ದ ಹೆಚ್ಚುವುದರಿಂದ ಒಂದು ತುದಿಯನ್ನು ಶ್ಯಾಕಲ್ ಎಂಬ ತೂಗಾಡುವ ಕೊಂಡಿಗೆ ಸಿಕ್ಕಿಸಿರುತ್ತಾರೆ. ಎಷ್ಟು ಪ್ಲೇಟು, ಎಷ್ಟು ದಪ್ಪ, ಎಷ್ಟು ಬಾಗು ಎಂಬುದನ್ನು ಗಾಡಿ ಹೊರಬೇಕಾದ ತೂಕ ನೋಡಿ ಕಾರ್ಖಾನೆಯಲ್ಲೇ ಲೆಕ್ಕ ಹಾಕಿರುತ್ತಾರೆ.

ಈ ಲೆಕ್ಕವನ್ನು ಕೆಡಿಸಲು ಮೂರು ದಾರಿಗಳಿವೆ. ಒಂದು, ಇನ್ನೊಂದು ಪ್ಲೇಟು ತುರುಕುವುದು. ಎರಡು, ಪ್ಲೇಟಿಗೂ ಆಕ್ಸಲ್ಲಿಗೂ ನಡುವೆ ಕಬ್ಬಿಣದ ತುಂಡು ಇಟ್ಟು ಉದ್ದನೆಯ ಯು-ಬೋಲ್ಟು ಬಿಗಿಯುವುದು. ಮೂರು, ಶ್ಯಾಕಲನ್ನೇ ಉದ್ದ ಮಾಡುವುದು. ಕೊಂಡಿ ಎರಡು ಇಂಚು ಉದ್ದವಾದರೆ ಗಾಡಿ ಏಳುವುದು ಸುಮಾರು ಒಂದೇ ಇಂಚು, ಅದೂ ಆಕ್ಸಲ್ಲಿನ ಕೋನವನ್ನು ತಿರುಚಿ.

ಸರಿ, ಎತ್ತರವಾಯಿತು. ಇದರಿಂದ ದಕ್ಕಿದ್ದೇನು? ದಾರಿಯ ಕಲ್ಲಿಗೆ ಮೊದಲು ಬಡಿಯುವುದು ಹಿಂದಿನ ಆಕ್ಸಲ್ಲಿನ ನಡುವೆ ಜೋತಿರುವ ಡಿಫರೆನ್ಷಿಯಲ್ಲಿನ ಗುಂಡು. ಅದು ಚಕ್ರಗಳಿಗೆ ಸೇರಿದ್ದೇ ಹೊರತು ಪ್ಲೇಟಿನ ಮೇಲೆ ಕೂತ ಮೈಗೆ ಸೇರಿದ್ದಲ್ಲ. ಪ್ಲೇಟು ಎಷ್ಟೇ ಏರಿಸಿ, ಆ ಗುಂಡು ಕೂದಲೆಳೆಯಷ್ಟೂ ಮೇಲೇಳುವುದಿಲ್ಲ, ಟೈರು ದೊಡ್ಡದಾದರೆ ಮಾತ್ರ ಏಳುತ್ತದೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ಹಿರಿಯರು ಹೇಳಿದ್ದು ಇಂಥವರನ್ನು ಕಂಡೇ ಇರಬೇಕು.

ಕಳೆದುಕೊಂಡದ್ದರ ಪಟ್ಟಿ ಮಾತ್ರ ಉದ್ದ. ಹಿಂಭಾಗ ಎದ್ದರೆ ಮೂತಿ ತಗ್ಗುತ್ತದೆ, ದೀಪದ ಬೆಳಕು ದೂರ ಹೋಗದೆ ಕಾಲಬುಡಕ್ಕೆ ಬೀಳುತ್ತದೆ. ಮಂಜು ಕವಿದ ಘಟ್ಟದಲ್ಲಿ ಇದರ ಅರ್ಥವೇನೆಂದು ಬಿಡಿಸಿ ಹೇಳಬೇಕಿಲ್ಲ. ಇಂಜಿನ್ನಿನ ಶಕ್ತಿಯನ್ನು ಹಿಂದಕ್ಕೆ ಒಯ್ಯುವ ಶಾಫ್ಟಿನ ಕೋನ ಕೆಟ್ಟು ಅದರ ಜಾಯಿಂಟುಗಳು ಬೇಗ ಸವೆಯುತ್ತವೆ. ಬ್ರೇಕಿನ ರಬ್ಬರು ಪೈಪು ಸಾಲದೆ ಬಂದು ಬಿಗಿಯುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಚಕ್ರಗಳ ನಡುವಿನ ಅಗಲ ಇದ್ದಷ್ಟೇ ಇದ್ದು ಭಾರ ಮಾತ್ರ ಮೇಲೇರುತ್ತದೆ. ಬಿಂದಿಗೆಯ ಮೇಲೆ ಬಿಂದಿಗೆ ಇಟ್ಟು ನಡೆದು ಗೊತ್ತಿರುವ ಯಾವ ಹೆಣ್ಣಿಗೂ ಇದಕ್ಕೆ ಭೌತಶಾಸ್ತ್ರದ ಪಾಠ ಬೇಡ. ತಿರುವಿನಲ್ಲಿ ಮಗುಚುವ ಅಪಾಯ ಆ ಎತ್ತರದ ಜೊತೆಗೇ ಏರುತ್ತದೆ.

ಇನ್ನು ಹತ್ತುವುದು ಇಳಿಯುವುದು. ಸೀರೆಯುಟ್ಟವಳು, ಬಸುರಿ, ಮಂಡಿನೋವಿನ ಅತ್ತೆ, ಇವರು ಯಾರೂ ಆ ಹಿಂದಿನ ಮೆಟ್ಟಿಲಿನ ಲೆಕ್ಕದಲ್ಲಿಲ್ಲ. ಗ್ಯಾರೇಜಿನ ಹುಡುಗನನ್ನು ಕೇಳಿದರೆ, "ಅಕ್ಕಾ, ನೋಡೋಕೆ ಖದರ್ ಬರುತ್ತೆ" ಎನ್ನುತ್ತಾನೆ. ಹೆಚ್ಚಿನ ಪ್ಲೇಟು ಸೇರಿ ಕಮಾನು ಬಿರುಸಾದ ಮೇಲೆ, ಮೊದಲು ಉಕ್ಕು ನುಂಗುತ್ತಿದ್ದ ಪೆಟ್ಟನ್ನೆಲ್ಲ ಹಿಂದೆ ಕೂತವರ ಬೆನ್ನುಮೂಳೆ ನುಂಗಬೇಕು. ಖದರು ಅವನಿಗೆ, ಬೆನ್ನುನೋವು ನಮಗೆ!

ಇಷ್ಟೇ ಆಗಿದ್ದರೆ ಶೋಕಿಯೆಂದು ಬಿಟ್ಟುಬಿಡಬಹುದಿತ್ತು. ನನ್ನ ಸಿಟ್ಟಿಗೆ ಕಾರಣ ಬೇರೆ ಇದೆ. ಎಷ್ಟೋ ಕಡೆ ಪ್ಲೇಟು ಸೇರಿಸುವುದು ಹೊಂಡಕ್ಕೆ ಹೆದರಿ ಅಲ್ಲವೇ ಅಲ್ಲ, ಹೆಚ್ಚು ಜನ ತುಂಬುವುದಕ್ಕೆ. ಎಂಟು ಜನರ ಜಾಗದಲ್ಲಿ ಹದಿನಾರು ಜನರನ್ನು ಕೂರಿಸಿದಾಗ ಗಾಡಿಯ ಹಿಂಭಾಗ ಕುಸಿಯುತ್ತದೆ. ಆ ಕುಸಿತ ಗಾಡಿ ಆಡುವ ಮಾತು, "ಇನ್ನು ನನ್ನಿಂದಾಗದು" ಎಂಬ ಮಾತು. ಇನ್ನೊಂದು ಪ್ಲೇಟು ಹಾಕಿದರೆ ಗಾಡಿ ಮತ್ತೆ ನೆಟ್ಟಗೆ ನಿಂತಂತೆ ಕಾಣುತ್ತದೆ. ಆದರೆ ಬ್ರೇಕು, ಟೈರು, ಆಕ್ಸಲ್ಲು ಮೊದಲಿದ್ದವೇ. ಅವುಗಳ ಬಲ ಒಂದು ಗುಂಜಿಯೂ ಹೆಚ್ಚಿಲ್ಲ. ಮೇಲೆ ಥಳಕು ಒಳಗೆ ಹುಳುಕು. ಇಳಿಜಾರಿನಲ್ಲಿ ಬ್ರೇಕು ಸೋತಾಗ ಬೆಲೆ ತೆರುವವರು, ತುಂಬಿದವನನ್ನು ನಂಬಿ ಹತ್ತಿದ ಆ ಕೂಲಿಯ ಹೆಂಗಸರು.

ಎದುರು ಮಾತು ನನಗೆ ತಿಳಿಯದ್ದೇನಲ್ಲ. "ಮಳೆಗಾಲದ ತೋಟದ ದಾರಿ ನಿಮಗೇನು ಗೊತ್ತು? ಹಳೆಯ ಪ್ಲೇಟು ಸೋತು ಗಾಡಿ ನೆಲ ಹಿಡಿದಿದೆ" ಎನ್ನುತ್ತಾರೆ. ಸೋತಿದ್ದರೆ ಬದಲಾಯಿಸಿ, ಯಾರು ಬೇಡವೆಂದರು? ಅದೇ ಸಂಖ್ಯೆಯ, ಅದೇ ದಪ್ಪದ ಹೊಸ ಸೆಟ್ಟು ಹಾಕಿದರೆ ಕಳೆದುಹೋದ ಎತ್ತರ ತಾನೇ ಮರಳುತ್ತದೆ. ಇದ್ದ ಎತ್ತರವನ್ನು ಉಳಿಸಿಕೊಳ್ಳುವುದು ದುರಸ್ತಿ. ಇಲ್ಲದ ಎತ್ತರವನ್ನು ಹೇರುವುದು ಬೇರೆಯೇ ಕೆಲಸ. ಕೆಸರಿನಲ್ಲಿ ನಾಲ್ಕೂ ಚಕ್ರಕ್ಕೆ ಶಕ್ತಿ ಕೊಟ್ಟು, ಕೆಳಗಿನ ಗೇರಿನಲ್ಲಿ ನಿಧಾನಕ್ಕೆ ದಾಟಿಸುವ ಹಳೆಯ ಡ್ರೈವರುಗಳು ನಮ್ಮಲ್ಲಿ ಈಗಲೂ ಇದ್ದಾರೆ. ಅವರ ಗಾಡಿಗಳಿಗೆ ಈ ಏಣಿ ಬೇಕಾಗಿಲ್ಲ. 2020ರಲ್ಲಿ ಬಂದ ಹೊಸ ಥಾರ್‌ನಲ್ಲಿ ಹಿಂದೆ ಪ್ಲೇಟುಗಳೇ ಇಲ್ಲ, ಸುರುಳಿ ಸ್ಪ್ರಿಂಗುಗಳಿವೆ. ಹುಚ್ಚು ಅವನ್ನೂ ಬಿಟ್ಟಿಲ್ಲ ಅನ್ನಿ.

ಕಾನೂನೂ ಸುಮ್ಮನಿಲ್ಲ. 1988ರ ಮೋಟಾರು ವಾಹನ ಕಾಯಿದೆಯ 52ನೇ ಸೆಕ್ಷನ್ ತಯಾರಕರ ಮೂಲ ವಿವರಕ್ಕೆ ವಿರುದ್ಧವಾದ ಮಾರ್ಪಾಡಿಗೆ ಅಡ್ಡಿಯಾಗಿದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ, ಅಂಥ ಪ್ರತಿಯೊಂದು ಮಾರ್ಪಾಡಿಗೂ ಮಾಲೀಕನಿಗೆ 5000 ರೂಪಾಯಿ ದಂಡ ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡನ್ನೂ ವಿಧಿಸಬಹುದೆಂದು ಹೇಳಿತು. ಆದರೆ ಚೆಕ್‌ಪೋಸ್ಟಿನಲ್ಲಿ ಬಗ್ಗಿ ಗಾಡಿಯ ಅಡಿ ನೋಡುವವರು ಎಷ್ಟು ಮಂದಿ?

ಆದ್ದರಿಂದ ನಾವೇ ಬಗ್ಗಿ ನೋಡೋಣ. ಗಿರಿಗೋ ದೇವಸ್ಥಾನಕ್ಕೋ ಬಾಡಿಗೆಗೆ ಜೀಪು ಗೊತ್ತು ಮಾಡುವಾಗ, ದುಡ್ಡು ಕೊಡುವ ಮುಂಚೆ ಹಿಂಗಾಲಿನ ಹತ್ತಿರ ಒಂದು ನಿಮಿಷ ನಿಲ್ಲಿ. ಪ್ಲೇಟಿನ ಕಟ್ಟಿಗೂ ಆಕ್ಸಲ್ಲಿಗೂ ನಡುವೆ ಹೊಸ ಕಬ್ಬಿಣದ ತುಂಡು ಕಂಡರೆ, ಮೂತಿ ತಗ್ಗಿ ಹಿಂಭಾಗ ಎದ್ದಿದ್ದರೆ, "ಇದು ಬೇಡಪ್ಪ, ಬೇರೆ ಗಾಡಿ ತಾ" ಎನ್ನಿ. ನಕ್ಕರೆ ನಗಲಿ. ಮನೆಯದೇ ಜೀಪಾದರೆ ಗ್ಯಾರೇಜಿನ ಬಿಲ್ಲನ್ನು ಒಮ್ಮೆ ಓದಿ.

ತೋಟವಿರುವ ಮನೆಯ ಗೆಳತಿಯರಿಗೆ ಇನ್ನೊಂದು ಮಾತು. ಕೊಯ್ಲಿನ ಲೆಕ್ಕ ಬರೆಯುವವರು ಎಷ್ಟೋ ಮನೆಗಳಲ್ಲಿ ನೀವೇ. ಇಪ್ಪತ್ತು ಜನ ಹೆಂಗಸರು ಬರಬೇಕಾದರೆ ಜೀಪನ್ನು ಎರಡು ಸಲ, ಬೇಕಾದರೆ ಮೂರು ಸಲ ಕಳಿಸಿ. ಹೆಚ್ಚಾದ ಡೀಸೆಲ್ಲಿನ ದುಡ್ಡನ್ನು ಗೊಬ್ಬರದ ಖರ್ಚಿನ ಕೆಳಗೆ, ನಿಮ್ಮ ಕೈಯಾರೆ ಬರೆಯಿರಿ.