ಎಣ್ಣೆ ಬಿಟ್ಟಿದ್ದು ಯಾರು?

ಮೊನ್ನೆ ಮೀಟಿಂಗ್ ಮುಗಿಸಿ ಫೋನ್ ನೋಡಿದ್ರೆ ಅಮ್ಮನ ಐದು ಮಿಸ್ಡ್ ಕಾಲ್. ಸೊಪ್ಪು ತರೋಕೆ ಹೋಗಿ ಬಂದವಳಿಗೆ ಬಾಗಿಲಿನ ಲಾಕ್ ತೆಗೆಯೋಕಾಗದೆ, ಒಂದೂವರೆ ಗಂಟೆ ಮೆಟ್ಟಿಲ ಮೇಲೇ ಕೂತಿದ್ದಳು. ಓಡಿ ಬಂದವನು ಮೊದಲು ಅಂದಿದ್ದೇನು ಗೊತ್ತಾ? "ಜೋರಾಗಿ ತಿರುಗಿಸಿ ಕೆಡಿಸಿಬಿಟ್ಯಾ?"

ಅಮ್ಮ ಮಾತಾಡಲಿಲ್ಲ.

ಪಕ್ಕದ ಮನೆ ಹುಡುಗನ ಪೆನ್ಸಿಲ್ ಇಸ್ಕೊಂಡು, ಕೀ ಹಲ್ಲುಗಳ ಮೇಲೆ ಕಪ್ಪಾಗೋವರೆಗೂ ಗೀಚಿದೆ. ಹಾಕಿ, ತೆಗೆದು, ಮತ್ತೆ ಹಾಕಿ, ಬಾಗಿಲನ್ನ ನನ್ನ ಕಡೆ ಎಳೆದು ಹಿಡಿದು ಮೆಲ್ಲಗೆ ತಿರುಗಿಸಿದೆ. ನಾಲ್ಕನೇ ಸಲಕ್ಕೆ ಟಕ್!

ಲಾಕ್ ಒಳಗೆ ಸ್ಪ್ರಿಂಗ್ ಇರೋ ಸಣ್ಣ ಪಿನ್‌ಗಳಿರ್ತವೆ. ಕೀ ಹೋದಾಗ ಅಷ್ಟೂ ಒಂದೇ ಗೆರೆಗೆ ಬರಬೇಕು. ಒಂದು ಅಂಟಿಕೊಂಡ್ರೂ ತಿರುಗಲ್ಲ. ಅಡುಗೆಮನೆ ಎಣ್ಣೆ ಬಿಟ್ರೆ ಸ್ವಲ್ಪ ದಿನ ಸಲೀಸು, ಆಮೇಲೆ ಧೂಳು ಕೂತು ಅಂಟಾಗುತ್ತೆ. ಪೆನ್ಸಿಲ್ಲಿನ ಗ್ರಾಫೈಟ್ ಒಣ ಪುಡಿ, ಆ ತಾಪತ್ರಯ ಇಲ್ಲ. ಬಲ ಮಾತ್ರ ಹಾಕಬೇಡಿ. ಕೀ ಒಳಗೇ ಮುರಿದ್ರೆ ಕೀ ಮಾಡೋರನ್ನೇ ಕರೀಬೇಕು.

ಆಗಲೇ ನೆನಪಾಗಿದ್ದು: ಹೋದ ತಿಂಗಳು ಕೊಬ್ಬರಿ ಎಣ್ಣೆ ಬಿಟ್ಟವನು ನಾನೇ. ಒಪ್ಕೊಂಡೆ.

"ಹೋಗ್ಲಿ ಬಿಡು. ಲಾಕ್ ಏನೋ ಸರಿ ಆಯ್ತು, ನೀನು ಫೋನ್ ಎತ್ತೋದು ಕಲಿ" ಅಂದಳು.