ಇನ್ನೂರು ಡಾಲರಿನ ಬಿಡುಗಡೆ

ಕ್ಯಾಲಿಫೋರ್ನಿಯಾದಲ್ಲಿ ಶಿಕ್ಷೆ ಮುಗಿಸಿ ಹೊರಬೀಳುವ ಕೈದಿಗೆ ಸಿಗುವುದು 200 ಡಾಲರ್. ಅಲ್ಲಿಯವರು ಅದನ್ನು ‘ಗೇಟಿನ ಹಣ’ ಎನ್ನುತ್ತಾರೆ. 1970ರ ದಶಕದಲ್ಲಿ ಗೊತ್ತುಮಾಡಿದ ಈ ಮೊತ್ತ ದಶಕಗಳು ಉರುಳಿದರೂ ಏರಲಿಲ್ಲ. ಉಟ್ಟ ಬಟ್ಟೆ, ಬಸ್ ಟಿಕೆಟ್ಟಿನ ದುಡ್ಡನ್ನೂ ಅದರಲ್ಲೇ ಮುರಿದುಕೊಳ್ಳುವುದುಂಟು. ಲಾಸ್ ಏಂಜಲೀಸ್‌ನಲ್ಲಿ ಮನೆಯಿಲ್ಲದವರ ಕೇರಿಯಾದ ಸ್ಕಿಡ್ ರೋ ಬಳಿ ಬಸ್ಸಿಳಿಯುವ ಹೆಂಗಸನ್ನು ಮೊದಲು ಮಾತಾಡಿಸುವವರು ಮಾದಕವಸ್ತು ಮಾರುವವರು ಮತ್ತು ಮೈಮಾರಾಟದ ದಲ್ಲಾಳಿಗಳು.

ಸೂಸನ್ ಬರ್ಟನ್ ಆ ದಾರಿಯನ್ನು ಬಲ್ಲವರು. ಆರು ಸಲ ಜೈಲು ಕಂಡವರು. ಅವರ ಐದು ವರ್ಷದ ಮಗ ಪೊಲೀಸ್ ಅಧಿಕಾರಿಯೊಬ್ಬ ಓಡಿಸುತ್ತಿದ್ದ ವ್ಯಾನಿಗೆ ಸಿಕ್ಕು ಸತ್ತ. ಆ ಸಂಕಟ ಅವರನ್ನು ಕುಡಿತಕ್ಕೆ, ಅಲ್ಲಿಂದ ಕ್ರ್ಯಾಕ್ ಕೊಕೇನಿಗೆ ತಳ್ಳಿತು. ನ್ಯಾಯಾಲಯ ಪ್ರತಿ ಸಲವೂ ಶಿಕ್ಷೆ ಬರೆಯಿತೇ ಹೊರತು ಚಿಕಿತ್ಸೆ ಬರೆಯಲಿಲ್ಲ.

1997ರಲ್ಲಿ ಸಾಂಟಾ ಮೋನಿಕಾದ ಚಿಕಿತ್ಸಾ ಕೇಂದ್ರವೊಂದರಲ್ಲಿ ಅವರಿಗೆ ಜಾಗ ಸಿಕ್ಕಿತು. ತಮ್ಮ ಕೇರಿಯ ಜನರನ್ನು ಜೈಲಿಗೆ ಕಳಿಸುತ್ತಿದ್ದ ಅದೇ ತಪ್ಪಿಗೆ, ಉಳ್ಳವರ ಆ ಊರಿನಲ್ಲಿ ಔಷಧೋಪಚಾರ ನಡೆಯುತ್ತಿತ್ತು. ನಶೆ ಬಿಟ್ಟ ಬರ್ಟನ್ ರೋಗಿಗಳ ಆರೈಕೆಯ ಕೆಲಸ ಕಲಿಯಲು ಹೊರಟರು. ಹಳೆಯ ಶಿಕ್ಷೆ ಅಡ್ಡ ಬಂದು ಪರವಾನಗಿಯ ಬಾಗಿಲು ಮುಚ್ಚಿತು. ವೃದ್ಧೆಯೊಬ್ಬರ ಮನೆಯಲ್ಲಿದ್ದು ಅವರನ್ನು ನೋಡಿಕೊಳ್ಳುತ್ತ ಕೂಡಿಟ್ಟ ದುಡ್ಡಿನಿಂದ 1998ರಲ್ಲಿ ವಾಟ್ಸ್ ಬಡಾವಣೆಯಲ್ಲಿ ಒಂದು ಸಣ್ಣ ಮನೆ ಕೊಂಡರು. ಕೋಣೆಗಳಿಗೆ ಅಂತಸ್ತಿನ ಮಂಚ ಹಾಕಿಸಿದರು. ಬಸ್ ನಿಲ್ದಾಣಕ್ಕೆ ಹೋಗಿ, ಇಳಿದ ಹೆಂಗಸರನ್ನು ಮನೆಗೆ ಕರೆತಂದರು. ‘ಎ ನ್ಯೂ ವೇ ಆಫ್ ಲೈಫ್’ ಎಂಬ ಅವರ ಸಂಸ್ಥೆ ಶುರುವಾದದ್ದು ಹೀಗೆ.

ಇದನ್ನು ಬರೀ ಕರುಣೆಯ ಕತೆಯಾಗಿ ಓದಿದರೆ ಮುಖ್ಯವಾದದ್ದೇ ತಪ್ಪಿಹೋಗುತ್ತದೆ. ಅಮೆರಿಕದ 1997ರ ಕಾನೂನೊಂದರಂತೆ, ಮಗು 22 ತಿಂಗಳಲ್ಲಿ 15 ತಿಂಗಳು ಸರ್ಕಾರದ ಪಾಲನೆಯಲ್ಲಿದ್ದರೆ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಹೆತ್ತವರ ಹಕ್ಕು ರದ್ದುಮಾಡಲು ರಾಜ್ಯವೇ ಕೋರ್ಟಿಗೆ ಹೋಗಬೇಕು. ಎರಡು ವರ್ಷದ ಶಿಕ್ಷೆಗೆ ಒಳಹೋದ ತಾಯಿ ಹೊರಬರುವಷ್ಟರಲ್ಲಿ ಕಾನೂನಿನ ಲೆಕ್ಕದಲ್ಲಿ ತಾಯಿಯಾಗಿ ಉಳಿದಿರುತ್ತಾಳೆಂಬ ಖಾತರಿಯಿಲ್ಲ. ಮಗುವನ್ನು ವಾಪಸ್ ಕೇಳಲು ವಿಳಾಸ ಬೇಕು, ವಿಳಾಸಕ್ಕೆ ಬಾಡಿಗೆ ಬೇಕು, ಬಾಡಿಗೆಗೆ ಕೆಲಸ ಬೇಕು. ಕೆಲಸದ ಅರ್ಜಿಯಲ್ಲಿ ‘ಶಿಕ್ಷೆಯಾಗಿದೆಯೇ’ ಎಂಬ ಕಲಮು ಕಾದು ಕೂತಿರುತ್ತದೆ! ಆದ್ದರಿಂದಲೇ ಬರ್ಟನ್ ಹಾಸಿಗೆ ಕೊಟ್ಟು ಸುಮ್ಮನಾಗಲಿಲ್ಲ. ಉಚಿತ ಕಾನೂನು ನೆರವು ಕೊಡಿಸಿದರು, ಆ ಕಲಮಿನ ವಿರುದ್ಧ ಹೋರಾಡಿದವರ ಜೊತೆ ನಿಂತರು. 2018ರಿಂದ ಕ್ಯಾಲಿಫೋರ್ನಿಯಾದ ಬಹುಪಾಲು ಉದ್ಯೋಗದಾತರು ಕೆಲಸ ಕೊಡುವ ಮಾತಿಗೆ ಮೊದಲು ಆ ಪ್ರಶ್ನೆ ಕೇಳುವಂತಿಲ್ಲ.

ಜೈಲಿನಿಂದ ಬಂದವಳಿಗೆ ಎಲ್ಲಿ ಕಾಲು ಜಾರುತ್ತದೆ ಎಂಬುದು ಅಲ್ಲೇ ಜಾರಿದ್ದವಳಿಗೆ ಗೊತ್ತಿರುವಷ್ಟು ಕಚೇರಿಯ ಮೇಜಿಗೆ ಗೊತ್ತಿರದು. ಆಸರೆಯ ಮನೆ ನಡೆಸುವ ಹೊಣೆ ಮತ್ತು ಅದರ ಹಣ ಇಂಥ ಹೆಂಗಸರ ಕೈಗೇ ಹೋಗಬೇಕು.

ನಮ್ಮಲ್ಲೂ ಜಾಮೀನು ಸಿಕ್ಕಿದ ಮೇಲೆ ಶ್ಯೂರಿಟಿ ಕೊಡುವವರಿಲ್ಲದೆ ಒಳಗೇ ಉಳಿಯುವವರಿದ್ದಾರೆ. ಏಳು ದಿನದೊಳಗೆ ಬಿಡುಗಡೆಯಾಗದಿದ್ದರೆ ಜೈಲಿನ ಅಧೀಕ್ಷಕರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕೆಂದು 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಬೇಕಾಯಿತು. ಆದೇಶ ಜೈಲಿನ ಬಾಗಿಲು ತೆರೆಸೀತು, ಊರಿನೊಳಗೆ ಬಾಡಿಗೆ ಮನೆಯ ಬಾಗಿಲನ್ನು ತೆರೆಸಲಾರದು. ‘ಮನೆ ಬಾಡಿಗೆಗೆ ಇದೆ’ ಎಂಬ ಬೋರ್ಡು ನೋಡಿ ನಾಳೆ ಜೈಲಿನಿಂದ ಬಂದ ಹೆಂಗಸೊಬ್ಬಳು ನಿಮ್ಮ ಗೇಟಿಗೆ ಬಂದರೆ, ದಯವಿಟ್ಟು ಅವಳನ್ನು ಒಳಗೆ ಕರೆದು ಮಾತಾಡಿಸಿ.