ಉಳುವವನ ಬುತ್ತಿಯ ಹಿಂದಿನ ವ್ಯಾಪಾರ

ಇಂಗ್ಲೆಂಡಿನ ಪಬ್‌ಗಳಲ್ಲಿ ‘ಪ್ಲೌಮನ್ಸ್ ಲಂಚ್’, ಅರ್ಥಾತ್ ಉಳುವವನ ಬುತ್ತಿ, ಎಂಬ ಊಟ ದೊರೆಯುತ್ತದೆ. ದಪ್ಪ ಬ್ರೆಡ್, ಚೆಡ್ಡರ್ ಚೀಸ್‌ನ ಒಂದು ತುಂಡು, ವಿನೆಗರಿನಲ್ಲಿ ನೆನೆದ ಈರುಳ್ಳಿ, ಜೊತೆಗೆ ಬಿಯರ್. ಚೀಸ್‌ನ ಉಪ್ಪು ಮತ್ತು ಜಿಡ್ಡು ನಾಲಗೆಯ ಮೇಲೆ ನಿಲ್ಲುತ್ತವೆ. ಬಿಯರಿನ ನೊರೆ ಮತ್ತು ಹಾಪ್ಸ್‌ನ ಕಹಿ ಅದನ್ನು ತೊಳೆದು ಮುಂದಿನ ತುತ್ತಿಗೆ ಅಣಿಮಾಡುತ್ತವೆ. ಈ ರೂಢಿ ಹಳೆಯದೇ. ಆದರೆ ಈ ಹೆಸರಿನಲ್ಲಿ ಅದು ದೇಶದಾದ್ಯಂತ ಪಬ್‌ಗಳ ಊಟದ ಪಟ್ಟಿಗೆ ಸೇರಿದ್ದು ಸಂಘಟಿತ ವ್ಯಾಪಾರ ಪ್ರಚಾರದಿಂದ.

ಎರಡನೆಯ ಮಹಾಯುದ್ಧದ ಕಾಲದಲ್ಲಿ, 1941ರಲ್ಲಿ, ಬ್ರಿಟನ್ ಚೀಸ್ ಅನ್ನು ಪಡಿತರಕ್ಕೆ ಒಳಪಡಿಸಿತು. ಅದು ತೆರವಾದದ್ದು 1954ರಲ್ಲಿ. ಬಿಯರಿಗೆ ಪಡಿತರವಿರಲಿಲ್ಲ. ಹೀಗಾಗಿ ಹದಿಮೂರು ವರ್ಷ ಪಬ್ಬಿನ ಗಿರಾಕಿಯ ಲೋಟದ ಪಕ್ಕದಲ್ಲಿ ಚೀಸ್‌ಗೆ ಮೊದಲಿನ ಸ್ಥಾನವಿರಲಿಲ್ಲ. ತಪ್ಪಿದ ಅಭ್ಯಾಸವನ್ನು ಮರಳಿ ತರುವ ಕೆಲಸವನ್ನು ‘ಚೀಸ್ ಬ್ಯೂರೋ’ ಎಂಬ ಪ್ರಚಾರ ಸಂಸ್ಥೆ ಕೈಗೆತ್ತಿಕೊಂಡಿತು. 1956ರಲ್ಲಿ ಬಿಯರ್ ತಯಾರಕರ ಸಂಘದ ಮಾಸಿಕ ಪತ್ರಿಕೆಯೇ ಈ ಪ್ರಯತ್ನವನ್ನು ಮೆಚ್ಚಿ ಬರೆಯಿತು. 1960ರ ದಶಕದಲ್ಲಿ ಹಾಲು ಮಾರಾಟ ಮಂಡಳಿ ಅದನ್ನು ರಾಷ್ಟ್ರವ್ಯಾಪಿಯಾಗಿಸಿತು. ಪರಸ್ಪರ ಸ್ಪರ್ಧಿಗಳಲ್ಲದ ಎರಡು ಉದ್ಯಮಗಳು ಒಂದೇ ಗಿರಾಕಿಯನ್ನು ಹಂಚಿಕೊಂಡ ಇಷ್ಟು ಅಚ್ಚುಕಟ್ಟಾದ ಉದಾಹರಣೆ ವಿರಳ.

ಇದೊಂದು ಕೃತಕ ಪರಂಪರೆ ಎಂಬ ಆಕ್ಷೇಪ ಅಲ್ಲಿಯೇ ಎದ್ದಿತು. 1983ರಲ್ಲಿ ಇದೇ ಹೆಸರಿನ ಚಲನಚಿತ್ರವೂ ಬಂದಿತು. ವ್ಯಾಪಾರದ ದೃಷ್ಟಿಯಿಂದ ಈ ಆಕ್ಷೇಪಕ್ಕೆ ಹೆಚ್ಚಿನ ತೂಕವಿಲ್ಲ. ನಿಜವಾದ ಕೊರತೆ ಬೇರೆಡೆ ಇದೆ. ಯುದ್ಧಕಾಲದ ಸರ್ಕಾರ ಹಾಲನ್ನು ಏಕರೂಪದ ಚೀಸ್ ತಯಾರಿಕೆಗೆ ತಿರುಗಿಸಿದ್ದರಿಂದ ಹೊಲಮನೆಗಳ ಸಣ್ಣ ತಯಾರಕರಲ್ಲಿ ಬಹುಪಾಲು ಜನ ಕಸುಬು ಬಿಟ್ಟಿದ್ದರು. ‘ಉಳುವವನ ಬುತ್ತಿ’ ಎಂಬ ಹೆಸರು ಬೇಡಿಕೆಯನ್ನು ಹುಟ್ಟಿಸಿತೇ ಹೊರತು ಚೀಸ್ ಯಾರದೆಂದು ಹೇಳಲಿಲ್ಲ. ಅಂತಹ ಪ್ರಚಾರದ ಫಲ ಕಡಿಮೆ ದರಕ್ಕೆ ಪೂರೈಸಬಲ್ಲವನ ಪಾಲಾಗುತ್ತದೆ.

ಬೆಲ್ಜಿಯಂನ ಶಿಮೇ ಮಠದ ಲೆಕ್ಕಾಚಾರ ಬೇರೆ. ಅಲ್ಲಿನ ಸನ್ಯಾಸಿಗಳು 1862ರಲ್ಲಿ ಬಿಯರ್, 1876ರಲ್ಲಿ ಚೀಸ್ ತಯಾರಿಕೆ ಆರಂಭಿಸಿದರು. ಅವರ ಒಂದು ಬಗೆಯ ಚೀಸ್‌ನ ಹೊರಪದರವನ್ನು ಅವರದೇ ಬಿಯರಿನಲ್ಲಿ ತೊಳೆದು ಮಾಗಿಸಲಾಗುತ್ತದೆ. ಎರಡರ ಮೇಲೂ ಒಂದೇ ಹೆಸರು. ಅಂತಹ ಮಠಗಳು 1997ರಲ್ಲಿ ಸಂಘ ಕಟ್ಟಿ ಸಾಮಾನ್ಯ ಗುರುತನ್ನೂ ರೂಪಿಸಿದವು. ಸನ್ಯಾಸಿಗಳಿಗೆ ತಿಳಿದದ್ದು ಎಷ್ಟೋ ಉದ್ಯಮಿಗಳಿಗೆ ತಿಳಿಯದು! ಇಂಗ್ಲೆಂಡಿನ ನೈಋತ್ಯ ಭಾಗದ ಹೊಲಮನೆ ಚೆಡ್ಡರ್‌ಗೆ ಯುರೋಪಿನ ಸಂರಕ್ಷಿತ ಮೂಲನಾಮ ದೊರೆತದ್ದು 1996ರಲ್ಲಿ, ಪ್ರಚಾರ ಆರಂಭವಾಗಿ ಸುಮಾರು ನಲವತ್ತು ವರ್ಷಗಳ ನಂತರ.

ಬೆಂಗಳೂರಿನ ಕಿರು ಬಿಯರ್ ಘಟಕಗಳಿಗೆ ಚೀಸ್ ಪೂರೈಸುವ ಸಣ್ಣ ತಯಾರಕರು ದರಕ್ಕಿಂತ ಮೊದಲು ಊಟದ ಪಟ್ಟಿಯಲ್ಲಿ ತಮ್ಮ ಹೆಸರು ಮುದ್ರಣವಾಗಬೇಕೆಂಬ ಷರತ್ತನ್ನು ಲಿಖಿತ ಒಪ್ಪಂದದಲ್ಲಿ ಸೇರಿಸುವುದು ಉಚಿತ. ಇನ್ನು ಜೋಡಿಗೆ ಒಟ್ಟು ಬೆಲೆ ನಿಗದಿಪಡಿಸುವ ಘಟಕಗಳು ಬಿಲ್ಲಿನಲ್ಲಿ ಎರಡನ್ನೂ ಬೇರ್ಪಡಿಸಲೇಬೇಕು: ತಟ್ಟೆಯಲ್ಲಿನ ಆಹಾರ ಜಿಎಸ್‌ಟಿಗೆ ಒಳಪಟ್ಟರೆ, ಲೋಟದಲ್ಲಿನ ಬಿಯರ್ ಅದರ ಹೊರಗಿದ್ದು ರಾಜ್ಯದ ತೆರಿಗೆ ವ್ಯಾಪ್ತಿಯಲ್ಲಿದೆ.